ಕಾವು ನದಿಯಲ್ಲಿ ಈಜಿದವರು: ಮೂತ್ರಕೋಶದ ಹುಳುವಿನ ಒಂದು ಪ್ರಕರಣ

ಜರ್ಮನಿಯ 12 ವರ್ಷದ ಒಬ್ಬ ಹುಡುಗ. 2013ರ ಆಗಸ್ಟ್‌ನಲ್ಲಿ ಅಪ್ಪ ಅಮ್ಮನ ಜೊತೆ ರಜೆ ಕಳೆದು ಬಂದಿದ್ದ. ಕೆಲವು ತಿಂಗಳ ಮೇಲೆ ಮೂತ್ರದಲ್ಲಿ ರಕ್ತ ಹೋಗೋಕೆ ಶುರುವಾಯಿತು. ಲ್ಯಾಬ್‌ನಲ್ಲಿ ಯಂತ್ರ ಹಚ್ಚಿ ಹುಡುಕಿದಾಗ ಸಿಗುವ ರಕ್ತ ಅಲ್ಲ, ಬರಿಗಣ್ಣಿಗೆ ಕೆಂಪಾಗಿ ಕಾಣುವಂಥದ್ದು.

ನಾನು ಮೂತ್ರದ ಸ್ಯಾಂಪಲ್ ನೋಡುತ್ತಾ ದಿನ ಕಳೆಯುವವನು. ಸಣ್ಣ ಊರಿನ ಲ್ಯಾಬ್ ನಮ್ಮದು. ಈ ಹುಡುಗನ ಪ್ರಕರಣ ಓದಿದಾಗಿನಿಂದ ಅದು ತಲೆಯಿಂದ ಹೋಗಿಲ್ಲ. ಲ್ಯಾಬ್‌ಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವ ಕಥೆ ಇದೇ.

ಮೂತ್ರ ಕೆಂಪಾದರೆ ನಮ್ಮ ಮನೆಗಳಲ್ಲಿ ಏನಂತೀವಿ? ಉಷ್ಣ ಆಗಿದೆ, ಬಾರ್ಲಿ ನೀರು ಕುಡಿ, ಎಳನೀರು ಕುಡಿ. ಎರಡು ದಿನ ನೋಡಿ ಆಮೇಲೆ ಡಾಕ್ಟರ್ ಹತ್ತಿರ ಹೋಗ್ತೀವಿ. ಡಾಕ್ಟರ್ ಮನಸ್ಸಿಗೆ ಮೊದಲು ಬರುವುದು ಮೂತ್ರದ ಸೋಂಕು, ಆಮೇಲೆ ಕಲ್ಲು. ಮಕ್ಕಳಾದರೆ ಕಿಡ್ನಿಯ ಉರಿಯೂತ. ವಯಸ್ಸಾದವರಾದರೆ ಗಡ್ಡೆ. ನಮ್ಮ ದೇಶದಲ್ಲಿ ಟಿಬಿಯನ್ನೂ ಮರೆಯೋ ಹಾಗಿಲ್ಲ. ಇವೆಲ್ಲ ಸರಿಯಾದ ಅನುಮಾನಗಳೇ. ಹುಳುವಿನ ಹೆಸರು ಮಾತ್ರ ಈ ಪಟ್ಟಿಯಲ್ಲಿ ಬರೋದೇ ಇಲ್ಲ. ಜರ್ಮನಿಯಲ್ಲಂತೂ ಬರೋದಕ್ಕೆ ಕಾರಣವೇ ಇರಲಿಲ್ಲ.

ಹುಡುಗನಲ್ಲಿ ಸಿಕ್ಕಿದ್ದು ಆ ಹುಳುವಿನ ಮೊಟ್ಟೆ.

ಆ ಮೊಟ್ಟೆ ಹೇಗಿರುತ್ತದೆ ಅಂತ ಹೇಳಲೇಬೇಕು. ಮೈಕ್ರೊಸ್ಕೋಪ್ ಕೆಳಗೆ ಅದು ಉದ್ದನೆಯ ಗೋಧಿ ಕಾಳಿನ ಹಾಗೆ ಕಾಣುತ್ತದೆ. ಬಣ್ಣ ತಿಳಿ ಹಳದಿ. ಉದ್ದ ಸುಮಾರು 110ರಿಂದ 170 ಮೈಕ್ರಾನ್. ಅಂದರೆ ಒಂದು ಕೆಂಪು ರಕ್ತಕಣದ ಪಕ್ಕ ಇಟ್ಟರೆ ಹದಿನೈದು ಇಪ್ಪತ್ತು ಪಟ್ಟು ಉದ್ದ. ಸುತ್ತ ಚೆಲ್ಲಿರುವ ರಕ್ತಕಣಗಳ ನಡುವೆ ದೋಣಿ ಬಂದು ನಿಂತ ಹಾಗೆ. ಒಂದು ತುದಿ ದುಂಡಗೆ, ಇನ್ನೊಂದು ತುದಿಯಲ್ಲಿ ಚಿಕ್ಕ ಮುಳ್ಳು. ಆ ಮುಳ್ಳೇ ಗುರುತು. ಇದೇ ಕುಲದ, ಕರುಳಿಗೆ ಸೇರುವ ಮ್ಯಾನ್ಸೋನಿ ಹುಳುವಿನ ಮೊಟ್ಟೆಗೆ ಮುಳ್ಳು ಪಕ್ಕದಲ್ಲಿರುತ್ತದೆ. ಮೂತ್ರಕೋಶದ ಹುಳುವಿನದ್ದು ತುದಿಯಲ್ಲಿ. ಸ್ಯಾಂಪಲ್ ತಾಜಾ ಇದ್ದರೆ ಮೊಟ್ಟೆಯೊಳಗೆ ಮರಿ ಮಿಸುಕಾಡುವುದೂ ಕಾಣುತ್ತದೆ.

ಹುಳುವಿನ ಹೆಸರು ಶಿಸ್ಟೊಸೋಮಾ ಹೆಮಟೋಬಿಯಂ. ಕಾಯಿಲೆಗೆ ಬಿಲ್ಹಾರ್ಜಿಯಾ ಅಂತಲೂ ಕರೆಯುತ್ತಾರೆ. 1851ರಲ್ಲಿ ಕೈರೋದ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುತ್ತಿದ್ದ ಜರ್ಮನ್ ವೈದ್ಯ ಥಿಯೊಡೋರ್ ಬಿಲ್ಹಾರ್ಜ್ ಈ ಹುಳುವನ್ನು ಮೊದಲು ಗುರುತಿಸಿದ್ದು. ಕಾಯಿಲೆ ಅದಕ್ಕಿಂತ ಬಹಳ ಹಳೆಯದು. ಈಜಿಪ್ಟ್‌ನ ಸಾವಿರಾರು ವರ್ಷ ಹಳೆಯ ಮಮ್ಮಿಗಳ ಕಿಡ್ನಿಯಲ್ಲೂ ಇದರ ಮೊಟ್ಟೆಗಳು ಸಿಕ್ಕಿವೆ. ಇವತ್ತೂ ಇದರ ಮನೆ ಆಫ್ರಿಕಾ, ಜೊತೆಗೆ ಅರಬ್ ಸೀಮೆಯ ಕೆಲವು ಭಾಗ.

ಕಷ್ಟ ಬಂದಿದ್ದು ಇಲ್ಲೇ. ಹುಡುಗನ ಮನೆಯವರು ಈ ಕಾಯಿಲೆ ಇರುವ ಸೀಮೆಗೆ ಹೋದವರೇ ಅಲ್ಲ. ಹಾಗಾದರೆ ರಜೆಗೆ ಹೋಗಿದ್ದೆಲ್ಲಿಗೆ? ಫ್ರಾನ್ಸ್‌ಗೆ ಸೇರಿದ ಕಾರ್ಸಿಕಾ ದ್ವೀಪಕ್ಕೆ. ನೀರಿಗೆ ಇಳಿದಿದ್ರಾ? ಇಳಿದಿದ್ದೆವು, ಅಲ್ಲಿನ ಒಂದು ನದಿಯಲ್ಲಿ ಈಜಾಡಿದೆವು.

ಮೊಟ್ಟೆ ಒಂದು ಹೇಳುತ್ತಿತ್ತು, ಕಾಯಿಲೆಯ ನಕ್ಷೆ ಇನ್ನೊಂದು ಹೇಳುತ್ತಿತ್ತು. ಇಂಥ ಹೊತ್ತಿನಲ್ಲಿ ನಮ್ಮಂಥವರು ಸಾಮಾನ್ಯವಾಗಿ ಮಾಡುವ ತಪ್ಪು ಏನು ಗೊತ್ತಾ? ಸ್ಯಾಂಪಲ್ ಅದಲುಬದಲಾಗಿರಬೇಕು ಅಂದುಕೊಳ್ಳುವುದು. ಇಲ್ಲಾಂದ್ರೆ ಮನೆಯವರು ಏನೋ ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳುವುದು. ಆ ವೈದ್ಯರು ಹಾಗೆ ಮಾಡಲಿಲ್ಲ. ಮೊಟ್ಟೆಯನ್ನೂ ನಂಬಿದರು, ಮನೆಯವರ ಮಾತನ್ನೂ ನಂಬಿದರು. ಮನೆಯ ಬೇರೆಯವರನ್ನೂ ಕರೆದು ಪರೀಕ್ಷೆ ಮಾಡಿದರು. ಹುಡುಗನೊಬ್ಬನೇ ಅಲ್ಲ, ಅವರಲ್ಲೂ ಸೋಂಕಿತ್ತು. ನಕ್ಷೆ ತಪ್ಪು ಅಂತ ಬರೆದು ಪ್ರಕಟಿಸಿದರು. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದ್ದು ಇದೇ.

ಆ ನದಿಯ ಹೆಸರು ಕಾವು. ಕಾರ್ಸಿಕಾದ ದಕ್ಷಿಣ ಭಾಗದಲ್ಲಿ, ಪೋರ್ತೊ-ವೆಕ್ಕಿಯೊ ಊರಿನ ಹತ್ತಿರ ಹರಿಯುತ್ತದೆ. ಬೆಟ್ಟದಿಂದ ಇಳಿದು ಸಮುದ್ರ ಸೇರುವ ಪುಟ್ಟ ನದಿ. ದಾರಿಯುದ್ದಕ್ಕೂ ಬಂಡೆಗಳ ನಡುವೆ ತಿಳಿ ನೀರಿನ ಮಡುಗಳು. ಬೇಸಿಗೆಯಲ್ಲಿ ಪ್ರವಾಸಿಗರು ಕಿಕ್ಕಿರಿದು ಸೇರುವ ಜಾಗ. ಮಕ್ಕಳನ್ನು ಕರೆದುಕೊಂಡು ಹೋಗಿ ಮಧ್ಯಾಹ್ನವಿಡೀ ನೀರಾಡಿಸುವಂಥದ್ದು.

ಆ ನೀರಿನಲ್ಲಿ ಬುಲೈನಸ್ ಟ್ರಂಕೇಟಸ್ ಅನ್ನುವ ಚಿಕ್ಕ ಬಸವನಹುಳು ಬಹಳ ಹಿಂದಿನಿಂದಲೂ ಇತ್ತು. ಮೂತ್ರಕೋಶದ ಹುಳು ತನ್ನ ಮರಿಗಳನ್ನು ಬೆಳೆಸಿಕೊಳ್ಳುವುದು ಇದೇ ಜಾತಿಯ ಬಸವನಹುಳುವಿನ ಹೊಟ್ಟೆಯಲ್ಲಿ. ಮನೆ ಖಾಲಿ ಇತ್ತು, ಬಾಡಿಗೆದಾರ ಮಾತ್ರ ಬಂದಿರಲಿಲ್ಲ. ಸೋಂಕಿರುವ ಒಬ್ಬ ಮನುಷ್ಯ ನೀರಿನಲ್ಲೋ ನೀರಿನ ಪಕ್ಕದಲ್ಲೋ ಮೂತ್ರ ಮಾಡಿದರೆ ಸಾಕು. ಮೊಟ್ಟೆ ಸಿಹಿನೀರಿಗೆ ಬಿದ್ದ ಮೇಲೆ ಒಡೆದು ಮರಿ ಹೊರಬರುತ್ತದೆ. ಅದು ಈಜಿಕೊಂಡು ಹೋಗಿ ಬಸವನಹುಳುವನ್ನು ಹೊಕ್ಕುತ್ತದೆ. ಒಳಗೆ ವಾರಗಟ್ಟಲೆ ಬೆಳೆದು, ಒಂದು ಮರಿ ಸಾವಿರಾರು ಆಗುತ್ತದೆ. ಆಮೇಲೆ ಬಾಲ ಕವಲೊಡೆದ ಸಣ್ಣ ಸಣ್ಣ ಮರಿಗಳು ನೀರಿಗೆ ಬರುತ್ತವೆ. ಬರುವುದು ಹೆಚ್ಚಾಗಿ ಬಿಸಿಲೇರಿದ ಹೊತ್ತಿಗೆ. ಜನ ನೀರಿಗಿಳಿಯುವ ಹೊತ್ತೂ ಅದೇ ಅಲ್ವಾ?

ನೀರು ಕುಡಿಯಬೇಕಾಗಿಲ್ಲ. ಗಾಯ ಇರಬೇಕಾಗಿಲ್ಲ. ಸುಮ್ನೆ ಕಾಲು ಇಳಿಬಿಟ್ಟು ಕೂತರೂ ಸಾಕು, ಕೆಲವೇ ನಿಮಿಷದಲ್ಲಿ ಚರ್ಮ ತೂರಿ ಒಳಗೆ ಹೋಗುತ್ತದೆ. ಅಲ್ಲಿಂದ ರಕ್ತದ ಜೊತೆ ಶ್ವಾಸಕೋಶ, ಆಮೇಲೆ ಲಿವರ್ ಕಡೆಯ ರಕ್ತನಾಳ. ಅಲ್ಲಿ ದೊಡ್ಡದಾಗಿ ಜೋಡಿ ಕಟ್ಟುತ್ತವೆ. ಗಂಡು ಹುಳುವಿನ ಮೈಯಲ್ಲಿ ಉದ್ದಕ್ಕೂ ಒಂದು ಮಡಿಕೆ ಇರುತ್ತದೆ, ಹೆಣ್ಣು ಅದರೊಳಗೆ ಸೇರಿಕೊಂಡೇ ಬದುಕುತ್ತದೆ. ಒಂದೆರಡು ಸೆಂಟಿಮೀಟರ್ ಉದ್ದದ ಈ ಜೋಡಿ ಮೂತ್ರಕೋಶದ ಸುತ್ತಲಿನ ಸಣ್ಣ ರಕ್ತನಾಳಗಳಿಗೆ ಬಂದು ನೆಲೆಸಿ ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ ಮೂರರಿಂದ ಹತ್ತು ವರ್ಷ ಬದುಕುತ್ತದೆ. ಕೆಲವು ಅದಕ್ಕಿಂತ ಬಹಳ ಜಾಸ್ತಿ.

ತೊಂದರೆ ಕೊಡುವುದು ಹುಳು ಅಲ್ಲ, ಮೊಟ್ಟೆ. ಅರ್ಧದಷ್ಟು ಮೊಟ್ಟೆ ಮೂತ್ರಕೋಶದ ಗೋಡೆ ತೂರಿ ಹೊರಗೆ ಹೋಗುತ್ತದೆ. ಉಳಿದದ್ದು ಗೋಡೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ದೇಹ ಅದರ ಸುತ್ತ ಉರಿಯೂತದ ಗಂಟು ಕಟ್ಟುತ್ತದೆ. ಅಲ್ಲಿಂದ ರಕ್ತ ಒಸರುತ್ತದೆ. ಮೂತ್ರದ ಕೊನೆಯಲ್ಲಿ ಮೂತ್ರಕೋಶ ಹಿಂಡಿದಂತೆ ಕುಗ್ಗುತ್ತದೆ ನೋಡಿ, ರಕ್ತ ಕಾಣುವುದು ಹೆಚ್ಚಾಗಿ ಆಗಲೇ. ಮೊದಲು ತಿಳಿಯಾಗಿ ಬಂದು ಕೊನೆಯ ಹನಿಗಳು ಕೆಂಪಾಗುವುದು ಈ ಕಾಯಿಲೆಯ ಹಳೆಯ ಗುರುತು.

ಹೊತ್ತುಗೊತ್ತಿನ ಲೆಕ್ಕವೂ ಈ ಹುಡುಗನಿಗೆ ಸರಿಹೊಂದುತ್ತದೆ. ನೀರಿಗಿಳಿದ ಮೇಲೆ ಮೂತ್ರದಲ್ಲಿ ಮೊಟ್ಟೆ ಬರಲು ಎರಡು ಮೂರು ತಿಂಗಳಾದರೂ ಬೇಕು. ಬೇಸಿಗೆ ರಜೆಯ ನೆನಪು ಮಾಸಿದ ಮೇಲೆ ಕಾಯಿಲೆ ತಲೆ ಎತ್ತುತ್ತದೆ. ಮೂತ್ರಕ್ಕೂ ಆ ನದಿಗೂ ಸಂಬಂಧ ಇದೆ ಅಂತ ಯಾವ ತಾಯಿಗೆ ತಾನೆ ಹೊಳೆದೀತು?

2014ರಲ್ಲಿ ಫ್ರಾನ್ಸ್‌ನ ಕುಟುಂಬಗಳಲ್ಲೂ ಇಂಥದೇ ಪ್ರಕರಣ ಕಂಡವು. ಅವರೂ ಕಾವು ನದಿಯಲ್ಲಿ ಈಜಿದವರೇ. ಅಲ್ಲಿನ ಸರ್ಕಾರ ಆ ಬೇಸಿಗೆಯಲ್ಲಿ ನದಿಯಲ್ಲಿ ಸ್ನಾನ ನಿಷೇಧಿಸಿತು. 2011ರಿಂದ 2013ರ ನಡುವೆ ಅಲ್ಲಿ ನೀರಿಗಿಳಿದವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಕರೆ ಕೊಟ್ಟಿತು. ಸಾವಿರಾರು ಬಸವನಹುಳುಗಳನ್ನು ಹಿಡಿದು ತಪಾಸಣೆ ಮಾಡಿದರು. ಸೋಂಕಿರುವ ಒಂದೂ ಸಿಗಲಿಲ್ಲ. ಮನುಷ್ಯರಲ್ಲಿ ಮಾತ್ರ ನೂರಕ್ಕೂ ಹೆಚ್ಚು ಜನ ಸಿಕ್ಕರು.

ಇವರಲ್ಲಿ ಕಾಯಿಲೆ ಪತ್ತೆ ಮಾಡಿದ ರೀತಿಯಲ್ಲಿ ನಮ್ಮಂಥ ಲ್ಯಾಬ್‌ನವರಿಗೆ ಕಲಿಯಲು ಬಹಳ ಇದೆ.

ಮೂತ್ರದ ಸ್ಯಾಂಪಲ್ ಅಂದರೆ ನಾವು ಏನು ಹೇಳ್ತೀವಿ? ಬೆಳಗ್ಗೆ ಎದ್ದ ತಕ್ಷಣದ್ದು ತನ್ನಿ, ಮೊದಲು ಸ್ವಲ್ಪ ಬಿಟ್ಟು ಮಧ್ಯದ್ದು ಹಿಡಿಯಿರಿ. ಬ್ಯಾಕ್ಟೀರಿಯಾ ಹುಡುಕಲು ಅದು ಸರಿ. ಈ ಹುಳುವಿಗೆ ಎಲ್ಲ ಉಲ್ಟಾ. ಮೊಟ್ಟೆ ಜಾಸ್ತಿ ಬರುವುದು ಮಧ್ಯಾಹ್ನದ ಆಸುಪಾಸು. ಹಾಗಾಗಿ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ಒಳಗೆ ಹಿಡಿಯಬೇಕು. ಮಧ್ಯದ್ದಲ್ಲ, ಕೊನೆಯ ಹನಿಗಳು ಬೇಕೇ ಬೇಕು. ಅದಕ್ಕೂ ಮೊದಲು ಸ್ವಲ್ಪ ಓಡಾಡಿ, ಮೆಟ್ಟಿಲು ಹತ್ತಿ ಇಳಿದು ಬಂದರೆ ಇನ್ನೂ ಒಳ್ಳೆಯದು. ಬೆಳಗಿನ ಮಧ್ಯದ ಮೂತ್ರ ತಂದು ಒಂದೇ ಒಂದು ಹನಿ ಗಾಜಿನ ಮೇಲಿಟ್ಟು ನೋಡಿದರೆ ಈ ಮೊಟ್ಟೆ ತಪ್ಪಿಸಿಕೊಳ್ಳುವ ಸಾಧ್ಯತೆಯೇ ಜಾಸ್ತಿ. ಸ್ಯಾಂಪಲ್ ಅನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಳದ ಗಸಿ ನೋಡಬೇಕು. ಇಲ್ಲವೇ 10 ಮಿಲಿಲೀಟರ್ ಮೂತ್ರವನ್ನು ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ ಸೋಸಿ, ಆ ಫಿಲ್ಟರನ್ನೇ ಮೈಕ್ರೊಸ್ಕೋಪ್ ಕೆಳಗೆ ಇಡಬೇಕು. ಒಂದು ದಿನ ಸಿಗದಿದ್ದರೆ ಮರುದಿನ, ಅದರ ಮರುದಿನ. ಮೂರು ಸಲವಾದರೂ ನೋಡದೆ ಇಲ್ಲ ಅನ್ನಬಾರದು.

ಆದರೆ ಕಾರ್ಸಿಕಾದವರಲ್ಲಿ ಇಷ್ಟು ಮಾಡಿದರೂ ಸಾಲುತ್ತಿರಲಿಲ್ಲ. ರಜೆಗೆ ಬಂದು ಕೆಲವು ದಿನ ಈಜಿದವರ ಮೈಯಲ್ಲಿ ಹುಳು ಬೆರಳೆಣಿಕೆಯಷ್ಟೇ ಇರುತ್ತದೆ. ಹುಟ್ಟಿದಾಗಿನಿಂದ ಅದೇ ನೀರಿನಲ್ಲಿ ಬೆಳೆದ ಆಫ್ರಿಕಾದ ಹಳ್ಳಿಯ ಮಕ್ಕಳ ಹಾಗಲ್ಲ. ಮೊಟ್ಟೆ ಬಹಳ ಕಡಿಮೆ. ಹಲವರಿಗೆ ತೊಂದರೆಯೇ ಕಾಣುತ್ತಿರಲಿಲ್ಲ. ಅವರನ್ನು ಹಿಡಿದುಕೊಟ್ಟಿದ್ದು ರಕ್ತ ಪರೀಕ್ಷೆ. ಎಲೈಸಾದಂಥ ಪರೀಕ್ಷೆಯಲ್ಲಿ, ಹುಳುವಿನ ವಿರುದ್ಧ ದೇಹ ತಯಾರಿಸಿಕೊಳ್ಳುವ ಪ್ರತಿಕಾಯ ಹುಡುಕಿದರು, ಅನುಮಾನ ಇದ್ದಲ್ಲಿ ವೆಸ್ಟರ್ನ್ ಬ್ಲಾಟ್ ಅನ್ನುವ ಇನ್ನೊಂದು ಪ್ರತಿಕಾಯ ಪರೀಕ್ಷೆಯಿಂದ ಖಚಿತ ಮಾಡಿಕೊಂಡರು. ಇದರಲ್ಲೂ ಒಂದು ತೊಡಕಿದೆ. ಇಂಥ ಎಷ್ಟೋ ಕಿಟ್‌ಗಳು ತಯಾರಾಗುವುದು ಕರುಳಿನ ಮ್ಯಾನ್ಸೋನಿ ಹುಳುವಿನ ಸಾಮಗ್ರಿಯಿಂದ. ಮೂತ್ರಕೋಶದ ಹುಳುವನ್ನು ಅವು ಕೆಲವೊಮ್ಮೆ ಬಿಟ್ಟುಬಿಡುತ್ತವೆ. ಅದಕ್ಕೇ ಒಂದೇ ಪರೀಕ್ಷೆಗೆ ನೆಚ್ಚಿಕೊಳ್ಳಬಾರದು.

ಇನ್ನೊಂದು ಸುಳಿವು ಮಾಮೂಲಿ ರಕ್ತ ಪರೀಕ್ಷೆಯಲ್ಲೇ ಇರುತ್ತದೆ, ಇಸಿನೋಫಿಲ್ ಅನ್ನುವ ಒಂದು ಬಗೆಯ ಬಿಳಿ ರಕ್ತಕಣದ ಏರಿಕೆ. ನಮ್ಮ ಕಡೆ ಇಸಿನೋಫಿಲ್ ಜಾಸ್ತಿ ಬಂದರೆ ಅಲರ್ಜಿ ಇರಬಹುದು, ಹೊಟ್ಟೆ ಹುಳು ಇರಬಹುದು ಅಂತ ದಾಟಿಸಿಬಿಡ್ತೀವಿ. ಮೂತ್ರದಲ್ಲಿ ರಕ್ತ, ರಕ್ತದಲ್ಲಿ ಇಸಿನೋಫಿಲ್, ಬ್ಯಾಕ್ಟೀರಿಯಾ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ. ಈ ಮೂರೂ ಒಂದೇ ಕಾಗದದ ಮೇಲೆ ಕಂಡರೆ ನಾನು ಈಗ ಪೆನ್ನು ಕೆಳಗಿಟ್ಟು ಆ ವ್ಯಕ್ತಿಯನ್ನು ಕರೆದು ಮಾತಾಡಿಸುತ್ತೇನೆ.

ಸ್ಕ್ಯಾನಿಂಗ್‌ನಲ್ಲಿ ಮೂತ್ರಕೋಶದ ಗೋಡೆ ದಪ್ಪಗಾಗಿರುವುದು, ಅಲ್ಲಲ್ಲಿ ಗಂಟು, ಮೂತ್ರನಾಳ ಹಿಗ್ಗಿರುವುದು ಕಾಣಬಹುದು. ಗಂಟು ನೋಡಿ ಗಡ್ಡೆ ಅಂತ ಹೆದರಿ ಸಿಸ್ಟೊಸ್ಕೋಪಿ, ಅಂದರೆ ಮೂತ್ರಕೋಶದೊಳಗೆ ಸಣ್ಣ ಕೊಳವೆ ಹಾಕಿ ನೋಡುವ ಪರೀಕ್ಷೆ ಮಾಡಿ ತುಣುಕು ತೆಗೆಯುವುದೂ ಉಂಟು. ಹಳೆಯ ಸೋಂಕಿನಲ್ಲಿ ಒಳಗೋಡೆ ಮರಳು ಮೆತ್ತಿದ ಹಾಗೆ ಕಾಣುತ್ತದೆ. ಮರಳಿನ ಹಾಗೆ ಕಾಣುವುದು ಸುಣ್ಣಗಟ್ಟಿದ ಮೊಟ್ಟೆಗಳು.

ಚಿಕಿತ್ಸೆ ಮಾತ್ರ ಆಶ್ಚರ್ಯ ಆಗುವಷ್ಟು ಸುಲಭ. ಪ್ರಾಜಿಕ್ವಾಂಟೆಲ್ ಮಾತ್ರೆ. ದೇಹದ ತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ, ಒಂದೇ ದಿನ. 60 ಕಿಲೋ ತೂಕದವರಿಗೆ 2400 ಮಿಲಿಗ್ರಾಂ, ಅಂದರೆ 600ರ ನಾಲ್ಕು ಮಾತ್ರೆ. ಊಟದ ಜೊತೆ ತೆಗೆದುಕೊಳ್ಳಬೇಕು. ಕಹಿ ಬಹಳ, ಮಕ್ಕಳಿಗೆ ನುಂಗಿಸುವುದು ಕಷ್ಟ. ಸ್ವಲ್ಪ ಹೊಟ್ಟೆನೋವು, ವಾಕರಿಕೆ, ತಲೆ ಸುತ್ತು ಬಂದು ಒಂದು ದಿನದಲ್ಲಿ ಹೋಗುತ್ತದೆ. 1970ರ ದಶಕದಲ್ಲಿ ಈ ಔಷಧ ಬರುವ ಮೊದಲು ಈಜಿಪ್ಟ್‌ನಲ್ಲಿ ಆಂಟಿಮನಿ ಅನ್ನುವ ಲೋಹ ಬೆರೆತ ಇಂಜೆಕ್ಷನ್ ಕೊಡುತ್ತಿದ್ದರು, ವಾರಗಟ್ಟಲೆ. ಸರಿಯಾಗಿ ಕುದಿಸದ ಸೂಜಿಗಳಿಂದ ಆ ದೇಶದಲ್ಲಿ ಹೆಪಟೈಟಿಸ್ ಸಿ ಹರಡಿದ ಕಥೆ ಓದಿದರೆ ಸಂಕಟವಾಗುತ್ತದೆ. ಕಾಯಿಲೆ ವಾಸಿ ಮಾಡಲು ಹೋಗಿ ಒಂದು ತಲೆಮಾರಿನ ಲಿವರ್ ಹಾಳಾಯಿತು.

ಮಾತ್ರೆ ಸುಲಭವಾದರೂ ಹೊತ್ತು ನೋಡಿ ಕೊಡಬೇಕು. ಪ್ರಾಜಿಕ್ವಾಂಟೆಲ್ ಬೆಳೆದ ಹುಳುವನ್ನು ಕೊಲ್ಲುತ್ತದೆ, ಎಳೆಯ ಹುಳುವಿಗೆ ಅಷ್ಟಾಗಿ ನಾಟುವುದಿಲ್ಲ. ನೀರಿಗಿಳಿದ ಮರುವಾರವೇ ನುಂಗಿದರೆ ಪ್ರಯೋಜನ ಕಡಿಮೆ. ಕೊನೆಯ ಸಲ ನೀರಿಗಿಳಿದು ಆರರಿಂದ ಎಂಟು ವಾರ ಕಳೆದಿರಬೇಕು. ಮುಂಚೆಯೇ ಕೊಡಬೇಕಾಗಿ ಬಂದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ಕೊಡಬೇಕು.

ವಾಸಿಯಾಯಿತಾ ಅಂತ ನೋಡುವಾಗಲೂ ಎಚ್ಚರ ಬೇಕು. ಪ್ರತಿಕಾಯ ರಕ್ತದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದನ್ನು ನೋಡಿ ಇನ್ನೂ ಹುಳು ಇದೆ ಅಂತ ಹೇಳಿಬಿಟ್ಟರೆ ಸುಮ್ನೆ ಹೆದರಿಸಿದ ಹಾಗಾಗುತ್ತದೆ. ಗೋಡೆಯಲ್ಲಿ ಸಿಕ್ಕಿದ್ದ ಸತ್ತ ಮೊಟ್ಟೆಗಳೂ ಮೂತ್ರದಲ್ಲಿ ಕೆಲವು ಕಾಲ ಬರುತ್ತಲೇ ಇರುತ್ತವೆ. ಆದ್ದರಿಂದ ಮೊಟ್ಟೆ ಬದುಕಿದೆಯೇ ಅಂತ ನೋಡಬೇಕು. ತಾಜಾ ಸ್ಯಾಂಪಲ್‌ಗೆ ಶುದ್ಧ ನೀರು ಸೇರಿಸಿ ಕಾದರೆ ಬದುಕಿರುವ ಮೊಟ್ಟೆ ಒಡೆದು ಮರಿ ಈಜಾಡುತ್ತದೆ. ಈಜಾಡಿದರೆ ಇನ್ನೊಂದು ಸುತ್ತು ಮಾತ್ರೆ.

ಬೇಗ ಗೊತ್ತಾದರೆ ಮೂತ್ರಕೋಶದ ಗಂಟುಗಳು ಕರಗುತ್ತವೆ, ಮಕ್ಕಳಲ್ಲಂತೂ ಕೆಲವೇ ತಿಂಗಳಲ್ಲಿ. ಗೊತ್ತಾಗದೆ ವರ್ಷಗಳು ಹೋದರೆ ಕಥೆ ಬೇರೆ. ಮೂತ್ರನಾಳ ಕಟ್ಟಿಕೊಂಡು ಕಿಡ್ನಿ ಸೋಲಬಹುದು. ಮೂತ್ರಕೋಶದಲ್ಲಿ ಒಂದು ಬಗೆಯ ಕ್ಯಾನ್ಸರ್ ಬರಬಹುದು. ಕ್ಯಾನ್ಸರ್ ತರುತ್ತದೆ ಅಂತ ಖಚಿತವಾಗಿರುವ ಕೆಲವೇ ಹುಳುಗಳಲ್ಲಿ ಇದೂ ಒಂದು. ಹೆಂಗಸರಲ್ಲಿ ಗರ್ಭಕೋಶದ ಬಾಯಿಯಲ್ಲೂ ಮೊಟ್ಟೆ ಕೂತು ರಕ್ತಸ್ರಾವ, ಬಂಜೆತನ ತರುತ್ತದೆ. ಎಷ್ಟೋ ಹೆಂಗಸರು ಇದನ್ನು ಗುಪ್ತರೋಗ ಅನ್ನಿಸಿಕೊಂಡು ಅವಮಾನ ಪಡುತ್ತಾರೆ. ಅವರು ಮಾಡಿದ್ದು ಕೆರೆಯಲ್ಲಿ ಬಟ್ಟೆ ಒಗೆದಿದ್ದಷ್ಟೇ.

ಕಾರ್ಸಿಕಾದ ಹುಳುವಿನ ಜೀನ್ ನೋಡಿದಾಗ ಇನ್ನೊಂದು ವಿಷಯ ಬಯಲಾಯಿತು. ಅದು ಶುದ್ಧ ಮನುಷ್ಯರ ಹುಳು ಅಲ್ಲ. ದನ ಕುರಿಗಳಿಗೆ ಬರುವ ಬೋವಿಸ್ ಅನ್ನುವ ಹುಳುವಿನ ಜೊತೆ ಬೆರಕೆಯಾಗಿದ್ದು. ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ಹುಳುಗಳಿಗೆ ಹತ್ತಿರದ್ದು. ಅಲ್ಲಿಂದ ಬಂದ ಯಾರದೋ ಮೈಯಲ್ಲಿ ಈ ದ್ವೀಪಕ್ಕೆ ಬಂದಿರಬೇಕು. ಯಾರು ಅಂತ ಹುಡುಕಿ ಬೈಯುವುದರಲ್ಲಿ ಅರ್ಥ ಇಲ್ಲ. ಆ ವ್ಯಕ್ತಿಗೂ ಗೊತ್ತಿದ್ದಿರಲಾರದು. ಇದೇ ಕುಲದ ಇನ್ನೊಂದು ಹುಳು ನಮ್ಮ ದನಗಳ ಮೂಗಿನಲ್ಲೂ ಇದೆ. ದನ ಗೊರಕೆ ಹೊಡೆದ ಹಾಗೆ ಉಸಿರಾಡುವ ಆ ಕಾಯಿಲೆ ನಮ್ಮ ಹಳ್ಳಿಯ ಪಶುವೈದ್ಯರಿಗೆಲ್ಲ ಗೊತ್ತು. ಅದು ಮನುಷ್ಯರ ಮೂತ್ರಕೋಶಕ್ಕೆ ಬರುವಂಥದ್ದಲ್ಲ.

ಇಂಥದೇ ಇನ್ನೊಂದು ಕಥೆ ನಮಗೆ ಬಹಳ ಹತ್ತಿರದಲ್ಲಿ ನಡೆದಿತ್ತು. ಕಾರವಾರದಿಂದ ಕೊಂಕಣದ ಕರಾವಳಿ ಹಿಡಿದು ಉತ್ತರಕ್ಕೆ ಹೋದರೆ ರತ್ನಗಿರಿ ಜಿಲ್ಲೆ. ಅಲ್ಲಿ ಗಿಮ್ವಿ ಅನ್ನುವ ಹಳ್ಳಿ. ಅಲ್ಲಿನ ಜನರ ಮೂತ್ರದಲ್ಲಿ ಇದೇ ಕಾಯಿಲೆಯನ್ನು ಗಾಡ್ಗೀಳ್ ಮತ್ತು ಶಾ ಅನ್ನುವ ವೈದ್ಯರು 1952ರಲ್ಲಿ ವರದಿ ಮಾಡಿದರು. ಭಾರತದಲ್ಲಿ ಬುಲೈನಸ್ ಬಸವನಹುಳುವೇ ಇಲ್ಲ, ಆದ್ದರಿಂದ ಈ ಕಾಯಿಲೆ ಇಲ್ಲಿ ನೆಲೆ ನಿಲ್ಲಲಾರದು ಅಂತ ಎಲ್ಲರೂ ನಂಬಿದ್ದ ಕಾಲ ಅದು. ಆ ಇಬ್ಬರು ನೀರಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಫೆರಿಸಿಯಾ ಅನ್ನುವ ಬೇರೆಯೇ ಜಾತಿಯ, ಪುಟ್ಟ ಟೋಪಿಯಂಥ ಚಿಪ್ಪಿನ ಬಸವನಹುಳು. ಅಲ್ಲೂ ನಕ್ಷೆಗಿಂತ ಮೊಟ್ಟೆಯ ಮಾತು ನಿಜವಾಯಿತು.

ಈಗ ನಮ್ಮಲ್ಲಿ ಕಾಣುವ ಪ್ರಕರಣಗಳಲ್ಲಿ ಹೆಚ್ಚಿನವು ಹೊರಗಿನಿಂದ ಬಂದವರದ್ದು. ತಾಂಜಾನಿಯಾ, ಮಲಾವಿ, ಸುಡಾನ್, ಮೊಜಾಂಬಿಕ್ ಕಡೆ ಕೆಲಸಕ್ಕೆ ಹೋಗಿ ಬರುವ ಕನ್ನಡಿಗರು ಇದ್ದಾರೆ. ರಜೆಯ ದಿನ ಮಲಾವಿ ಸರೋವರದಲ್ಲಿ ಈಜಿದ ಫೋಟೋ ಮನೆಯವರಿಗೆ ಕಳಿಸಿರುತ್ತಾರೆ. ಊರಿಗೆ ಬಂದು ಆರು ತಿಂಗಳಿಗೆ ಮೂತ್ರ ಕೆಂಪಾದರೆ ಡಾಕ್ಟರ್‌ಗೆ ಆ ಈಜಿನ ವಿಷಯ ಹೇಳಬೇಕು ಅಂತ ಅವರಿಗೆ ಹೊಳೆಯುವುದಿಲ್ಲ, ನಾವೂ ಕೇಳುವುದಿಲ್ಲ. ಕಲ್ಲಿಗೆ ಔಷಧ, ಸೋಂಕಿಗೆ ಔಷಧ, ಒಂದಾದ ಮೇಲೊಂದು. ನೀವು ಅಂಥವರಾಗಿದ್ದರೆ ದಯವಿಟ್ಟು ನೀವಾಗಿಯೇ ಹೇಳಿ. ಯಾವ ದೇಶ, ಯಾವ ಕೆರೆ, ಯಾವ ತಿಂಗಳು. ಸ್ಯಾಂಪಲ್ ಮಧ್ಯಾಹ್ನ ಕೊಡುತ್ತೇನೆ ಅಂತಲೂ ಹೇಳಿ. ಲ್ಯಾಬ್‌ನವರು ಬೆಳಗಿನದ್ದೇ ಬೇಕು ಅಂದರೂ ಬಿಡಬೇಡಿ.

ಕಾವು ನದಿಯನ್ನು ಮರುವರ್ಷ ಮತ್ತೆ ಈಜಲು ತೆರೆದರು. ಆಮೇಲೂ ಅಲ್ಲಿ ಸೋಂಕು ತಗುಲಿದ ಹೊಸಬರು ಕಂಡರು, 2015ರಲ್ಲಿ, 2016ರಲ್ಲಿ. ಜೀನ್ ನೋಡಿದರೆ ಅದೇ ಹಳೆಯ ಹುಳು. ಚಿಕಿತ್ಸೆ ಸಿಗದ ಯಾರೋ ಆ ನೀರಿಗೆ ಮತ್ತೆ ಇಳಿಯುತ್ತಿದ್ದರು ಅನ್ನುವುದು ಹೆಚ್ಚು ಸಂಭವ. 2019ರ ಬೇಸಿಗೆಯಲ್ಲಿ ಜರ್ಮನಿಯಿಂದ ಬಂದು ಈಜಿದ ಇನ್ನೊಬ್ಬರಿಗೆ ಇದೇ ಕಾಯಿಲೆ ಬಂತು. ಈ ಸಲ ನದಿ ಕಾವು ಅಲ್ಲ. ಅದರ ಉತ್ತರಕ್ಕಿರುವ ಸೊಲೆನ್ಜಾರಾ.